ಬೇಬಾಕಿ

ನಮ್ಮ ಕಡೆ ಜನಾಝಾ ನಮಾಝಿಗೆ ಸಾಲು ಕಟ್ಟಿ ನಿಂತ ಮೇಲೆ, ಇಮಾಮರು ತಕ್‌ಬೀರ್ ಹೇಳುವುದಕ್ಕೆ ಮೊದಲು, ತೀರಿಕೊಂಡವರ ಮಗನೋ ತಮ್ಮನೋ ಜನರ ಕಡೆ ತಿರುಗಿ ಒಂದು ಮಾತು ಹೇಳುವ ರೂಢಿಯಿದೆ. ಮರಹೂಮರು ಯಾರಿಗಾದರೂ ಏನಾದರೂ ಕೊಡಬೇಕಾದದ್ದು ಉಳಿದಿದ್ದರೆ ನಮಗೆ ತಿಳಿಸಿ, ನಾವು ತೀರಿಸುತ್ತೇವೆ. ಮಾಫ್ ಮಾಡಲು ಸಾಧ್ಯವಿದ್ದವರು ಅಲ್ಲಾಹನಿಗಾಗಿ ಮಾಫ್ ಮಾಡಿ ಎಂದು. ಕೇಳಿ ಕೇಳಿ ಆ ಮಾತು ನಮ್ಮ ಕಿವಿಗೆ ಹಳತಾಗಿಬಿಟ್ಟಿದೆ. ಯಾರೂ ಕೈ ಎತ್ತುವುದಿಲ್ಲ. ಹೆಣದ ಎದುರು ನಿಂತು ಬಾಕಿ ಕೇಳುವಷ್ಟು ಗಟ್ಟಿ ಮನಸ್ಸು ಯಾರಿಗಿರುತ್ತದೆ? ಮೌನವನ್ನೇ ಒಪ್ಪಿಗೆ ಎಂದುಕೊಂಡು ನಮಾಝ್ ಮುಗಿಸಿ ಹೆಗಲು ಕೊಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಗುತ್ತಿಗೆದಾರರೊಬ್ಬರು ತೀರಿಕೊಂಡರು. ದೊಡ್ಡ ಗುತ್ತಿಗೆದಾರರೇನಲ್ಲ. ಹಳ್ಳಿಯ ಶಾಲೆಗೆ ಎರಡು ಕೊಠಡಿ, ಒಂದು ಅಂಗನವಾಡಿ, ಹಳ್ಳಕ್ಕೊಂದು ಮೋರಿ, ಕೆರೆ ಏರಿಗೊಂದು ತಡೆಗೋಡೆ, ಇಂಥ ಸರಕಾರಿ ಕಾಮಗಾರಿಗಳನ್ನು ಟೆಂಡರಿನಲ್ಲಿ ಹಿಡಿದು ಮಾಡಿಸುತ್ತಿದ್ದವರು. ನಮಾಝಿ, ಮಿತಭಾಷಿ. ಅವರ ಮಗನೂ ಅಂದು ಆ ಮಾತು ಹೇಳಿದ. ಯಾರೂ ಉತ್ತರಿಸಲಿಲ್ಲ. ಮಣ್ಣು ಕೊಟ್ಟು ಕಬ್ರಸ್ತಾನದ ಗೇಟಿನಿಂದ ಹೊರಬರುವಾಗ ನಮ್ಮ ಪಕ್ಕದಲ್ಲಿ ನಡೆಯುತ್ತಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಮೆಲ್ಲಗೆ ಹೇಳಿದರು: "ನನ್ನ ಹನ್ನೊಂದು ವಾರದ ಕೂಲಿ ಇತ್ತು. ಅಲ್ಲಿ ಹೇಗೆ ಹೇಳಲಿ? ಮಾಫ್ ಮಾಡಿದೆ ಅನ್ನೋಣವೆಂದರೆ ನಾಲಿಗೆ ಏಳಲಿಲ್ಲ. ಮನೆಯಲ್ಲಿ ಅಷ್ಟು ಧಾರಾಳ ಮಾಡುವ ಸ್ಥಿತಿ ಇಲ್ಲ."

ಹದಿನೈದು ದಿನಗಳ ಮೇಲೆ ಆ ಮಗ ನಮ್ಮನ್ನು ಮನೆಗೆ ಕರೆದ. ಅವನು ಕಲಿತದ್ದು ಕನ್ನಡ ಮತ್ತು ಇಂಗ್ಲಿಷ್; ತಂದೆಯ ಉರ್ದು ಕೈಬರಹ ಓದಲು ಬರುವುದಿಲ್ಲ. ನಾವು ಚಿಕ್ಕಂದಿನಲ್ಲಿ ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಶಾಲೆಯಲ್ಲೂ ಓದಿದವರು ಎಂಬುದು ಅವನಿಗೆ ಗೊತ್ತಿತ್ತು. ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು, ದಪ್ಪನೆಯ ಫೈಲು. ಅದರಲ್ಲಿ ಪ್ಯಾನ್ ಕಾರ್ಡಿನ ಪ್ರತಿ, ಜಿ.ಎಸ್.ಟಿ. ನೋಂದಣಿ ಪತ್ರ, ತಿಂಗಳು ತಿಂಗಳಿನ ರಿಟರ್ನುಗಳ ಸ್ವೀಕೃತಿ, ಆದಾಯ ತೆರಿಗೆಯ ವಿವರ, ಲೆಕ್ಕಪರಿಶೋಧಕರು ಸಹಿ ಹಾಕಿದ ಐದು ವರ್ಷಗಳ ವಹಿವಾಟಿನ ಪ್ರಮಾಣಪತ್ರ, ಗುತ್ತಿಗೆದಾರರ ಪರವಾನಗಿ, ಎಲ್ಲವೂ ಪ್ಲಾಸ್ಟಿಕ್ ಹಾಳೆಗಳೊಳಗೆ, ಒಂದು ಮಡಿಕೆಯೂ ಇಲ್ಲದೆ. ಇನ್ನೊಂದು, ರಟ್ಟು ಹರಿದ ಇನ್ನೂರು ಪುಟದ ನೋಟ್‌ಬುಕ್ಕು. ಅದರಲ್ಲಿ ಉರ್ದುವಿನಲ್ಲಿ ಹೆಸರುಗಳು. ಗಾರೆಯವರು, ಸೆಂಟ್ರಿಂಗಿನವರು, ಕಂಬಿ ಕಟ್ಟುವವರು, ನೀರು ಹೊತ್ತ ಹೆಂಗಸರು. ಪ್ರತಿ ಹೆಸರಿನ ಮುಂದೆ ಒಂದು ಮೊತ್ತ. ಪುಟದ ಕೆಳಗೆ ಒಂದೇ ವಾಕ್ಯ: ಬಿಲ್ಲು ಬಂದ ಮೇಲೆ. ಶಾಲಾ ಕೊಠಡಿಗಳ ಕೊನೆಯ ಬಿಲ್ಲು ಸುಮಾರು ಎರಡು ವರ್ಷದಿಂದ ಬಂದಿರಲಿಲ್ಲ. ಫೈಲಿನ ರಸೀದಿಗಳನ್ನೂ ನೋಟ್‌ಬುಕ್ಕಿನ ತಾರೀಕುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಕಂಡದ್ದು ಇದು: ತೆರಿಗೆ ಕಟ್ಟಿದ ತಿಂಗಳಲ್ಲೇ ಕೂಲಿ ನಿಂತಿತ್ತು.

ಆ ಫೈಲು ಸುಳ್ಳಲ್ಲ. ಆ ನೋಟ್‌ಬುಕ್ಕೂ ಸುಳ್ಳಲ್ಲ. ಒಬ್ಬನೇ ಮನುಷ್ಯ ಒಂದೇ ತಿಂಗಳಲ್ಲಿ ಒಂದು ಲೆಕ್ಕದಲ್ಲಿ ಚುಕ್ತಾ, ಇನ್ನೊಂದು ಲೆಕ್ಕದಲ್ಲಿ ಬಾಕಿದಾರ. ಹಾಗಾದರೆ ಸರಕಾರಿ ಕೆಲಸ ಬೇಡುವವನಿಂದ ಸರಕಾರ ಕೇಳುವ ಈ 'ತೆರಿಗೆ ಬಾಕಿ ಇಲ್ಲ' ಎಂಬ ಪುರಾವೆ ನಿಜವಾಗಿ ಏನನ್ನು ಸಾಬೀತು ಮಾಡುತ್ತದೆ? ಅದನ್ನು ಕೇಳುವ ಹಕ್ಕು ಯಾರಿಗಿದೆ? ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಬೇಕು. ಈ ಪುರಾವೆ ಕೇಳುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಸರಕಾರಿ ಕಾಮಗಾರಿಯ ಹಣ ಆಕಾಶದಿಂದ ಉದುರುವುದಿಲ್ಲ. ಬೆಂಕಿಪೊಟ್ಟಣ ಕೊಳ್ಳುವ ಬಡವಿಯೂ ಅದಕ್ಕೆ ತನ್ನ ಪಾಲು ಸೇರಿಸಿರುತ್ತಾಳೆ. ಆ ಬೊಕ್ಕಸದಿಂದ ಹಣ ಪಡೆಯಲು ಬರುವವನು ತಾನೂ ಅದಕ್ಕೆ ಸಲ್ಲಿಸಬೇಕಾದದ್ದನ್ನು ಸಲ್ಲಿಸಿದ್ದಾನೆಯೇ ಎಂದು ಕೇಳುವುದು ನ್ಯಾಯ. ಇನ್ನೂ ಒಂದು ಕಾರಣವಿದೆ. ತೆರಿಗೆ ತಪ್ಪಿಸುವವನು ಕಡಿಮೆ ದರಕ್ಕೆ ಟೆಂಡರು ಹಾಕಬಲ್ಲ. ಪ್ರಾಮಾಣಿಕವಾಗಿ ಕಟ್ಟುವವನಿಗೆ ಅದು ಸಾಧ್ಯವಿಲ್ಲ. ಪುರಾವೆ ಕೇಳದಿದ್ದರೆ ಕಡಿಮೆ ದರದವನಿಗೇ ಕೆಲಸ ಎಂಬ ನಿಯಮವು ಕಳ್ಳನಿಗೇ ಕೆಲಸ ಎಂದಾಗಿಬಿಡುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗಾಗಿ 1999ರಲ್ಲಿ ಕಾಯ್ದೆ ಮಾಡಿದ್ದರ ಹಿಂದೆಯೂ, ಟೆಂಡರು ಕಾಗದದಿಂದ ಕಂಪ್ಯೂಟರಿಗೆ ಹೋದದ್ದರ ಹಿಂದೆಯೂ ಇದ್ದ ಆಸೆ ಅದೇ: ಮುಖ ನೋಡಿ ಕೆಲಸ ಕೊಡಬಾರದು, ದಾಖಲೆ ನೋಡಿ ಕೊಡಬೇಕು. ಮುಖ ನೋಡಿ ಮಣೆ ಹಾಕುವ ಊರಿನಲ್ಲಿ ನಮ್ಮಂಥವರ ಮುಖಕ್ಕೆ ಸಿಗುವ ಮಣೆ ಯಾವುದೆಂದು ನಮಗೆ ಗೊತ್ತು. ಆದ್ದರಿಂದ ದಾಖಲೆಯ ಬಗ್ಗೆ ನಮಗೆ ಗೌರವವಿದೆ.

ನಮ್ಮ ಧರ್ಮಕ್ಕೂ ಬರಹದ ಬಗ್ಗೆ ಗೌರವವಿದೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ನಮಾಝಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಅಲ್‌ಬಕರ ಅಧ್ಯಾಯದ 282ನೆಯ ವಚನ ಅದು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಅವಧಿ ಗೊತ್ತುಮಾಡಿ ಬರೆಯಲು ಬೇಸರಿಸಬೇಡಿ ಎಂಬುದು ಅದರ ಆಶಯ. ಅದರಲ್ಲಿ ನಮ್ಮ ಗಮನ ಸೆಳೆಯುವ ಒಂದು ಸೂಕ್ಷ್ಮವಿದೆ. ಬರೆಯಿಸಬೇಕಾದವನು ಸಾಲ ಕೊಟ್ಟವನಲ್ಲ, ಕೊಡಬೇಕಾದವನು. ತನ್ನ ಮೇಲೆ ಇನ್ನೊಬ್ಬರ ಹಕ್ಕು ಇಷ್ಟಿದೆ ಎಂದು ಅವನೇ ತನ್ನ ಬಾಯಿಂದ ಹೇಳಿ ಬರೆಸಬೇಕು. ಬಲವಿರುವವನು ದುರ್ಬಲನ ಹೆಸರಿನಲ್ಲಿ ತನಗೆ ಬೇಕಾದದ್ದನ್ನು ಬರೆಸಿಕೊಳ್ಳಬಾರದು ಎಂಬ ಎಚ್ಚರ ಅಲ್ಲಿದೆ. ಈ ಸೂಕ್ಷ್ಮವನ್ನು ನೆನಪಿಡೋಣ, ಮತ್ತೆ ಅದಕ್ಕೆ ಬರಬೇಕಾಗಿದೆ.

ನಮ್ಮ ಕನ್ನಡ ನೆಲದ ನೆನಪಿನಲ್ಲಿಯೂ ಲೆಕ್ಕ ಒಪ್ಪಿಸುವ ಕಥೆಗಳಿವೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ಚಾಡಿ ಹೇಳಿದವರಿದ್ದರು. ಎಣಿಸಿ ನೋಡಿದಾಗ ಒಂದು ಕಾಸೂ ಕಡಿಮೆ ಇರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಪವಾಡದ ಮಾತು ಹಾಗಿರಲಿ. ಲೆಕ್ಕ ತೋರಿಸು ಎಂದಾಗ ಅವರು ಅವಮಾನವಾಯಿತೆಂದು ಸಿಡುಕಲಿಲ್ಲ, ಬೀಗದಕೈ ಮುಂದಿಟ್ಟರು ಎಂಬುದೇ ಆ ಕಥೆಯ ತಿರುಳೆಂದು ನಮಗೆ ತೋರುತ್ತದೆ. ಅದೇ ಕಾಲದ ಶರಣರಲ್ಲಿ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡಿದ್ದ ಬಂಕಣ್ಣನೆಂಬುವನೂ ಇದ್ದ. ಸುಂಕದವನೂ ಶರಣನಾಗಬಲ್ಲ ಎಂದು ಆ ಚಳವಳಿ ಒಪ್ಪಿತ್ತು. ಆದರೂ ಜನರ ಬಾಯಲ್ಲಿ ಉಳಿದದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯೇ. ಯಾಕೆ ಹಾಗಾಯಿತು? ಸುಂಕದವನು ಕೇಳುವುದನ್ನು ಮಾತ್ರ ಬಲ್ಲ, ಕೇಳಿಸಿಕೊಳ್ಳುವುದನ್ನು ಅರಿಯ ಎಂಬುದು ಜನರ ಅನುಭವ.

ಇನ್ನು ನಮ್ಮವರ ಮಾತಿಗೆ ಬರೋಣ. ಇದನ್ನು ಹೇಳುವಾಗ ಸ್ವಲ್ಪ ಮುಜುಗರವಾಗುತ್ತದೆ, ಆದರೆ ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ನಮ್ಮ ವ್ಯಾಪಾರಿಗಳಲ್ಲಿ ಝಕಾತಿನ ಲೆಕ್ಕವನ್ನು ಪೈಸೆ ಪೈಸೆಗೆ ಹಾಕುವವರಿದ್ದಾರೆ. ರಮಝಾನ್ ಬಂದರೆ ಉಲಮಾಗಳನ್ನು ಕೇಳಿ, ದಾಸ್ತಾನು ಎಣಿಸಿ, ಶೇಕಡಾ ಎರಡೂವರೆಯನ್ನು ಬೇರೆ ತೆಗೆದಿಡುತ್ತಾರೆ. ಅದೇ ಕೈ ಅದೇ ಅಂಗಡಿಯಲ್ಲಿ ಎರಡು ಬಿಲ್ ಪುಸ್ತಕಗಳನ್ನಿಡುತ್ತದೆ. ಕೇಳಿದರೆ ಉತ್ತರ ಸಿದ್ಧವಾಗಿದೆ: ಝಕಾತ್ ಅಲ್ಲಾಹನ ಹಕ್ಕು, ತೆರಿಗೆ ಕಳ್ಳರ ಪಾಲು. ಅನ್ಯಾಯದ ಸುಂಕ ವಸೂಲಿಯನ್ನು ಹದೀಸುಗಳಲ್ಲಿ ಖಂಡಿಸಿದ್ದುಂಟು ಎಂದು ಕೆಲವರು ಆಧಾರವನ್ನೂ ಕೊಡುತ್ತಾರೆ. ಖಂಡಿಸಿದ್ದು ನಿಜ. ಆದರೆ ಬೊಕ್ಕಸ ಬರಿದಾಗಿ ಸಮಾಜದ ರಕ್ಷಣೆಗೆ ಹಣ ಸಾಲದಿದ್ದಾಗ ಉಳ್ಳವರ ಮೇಲೆ ಝಕಾತಿನ ಹೊರತಾಗಿಯೂ ತೆರಿಗೆ ಹಾಕಬಹುದೆಂದು ಇಮಾಮ್ ಗಝಾಲಿ ಒಪ್ಪಿದ್ದಾರೆ; ಹದಿನಾಲ್ಕನೆಯ ಶತಮಾನದ ಗ್ರನಾಡದ ಶಾತಿಬಿಯವರೂ ಒಪ್ಪಿದ್ದಾರೆ. ನಾವು ನಡೆಯುವ ರಸ್ತೆ, ನಮ್ಮ ಮಕ್ಕಳು ಓದುವ ಉರ್ದು ಶಾಲೆ, ನಮ್ಮ ಹೆಂಗಸರು ಹೆರಿಗೆಗೆ ಹೋಗುವ ತಾಲೂಕು ಆಸ್ಪತ್ರೆ ಇವೆಲ್ಲ ಯಾವ ಹಣದಿಂದ ನಡೆಯುತ್ತವೆ? ಕಳ್ಳರಿದ್ದಾರೆ ಎಂಬ ಕಾರಣಕ್ಕೆ ನಾವೂ ಕದ್ದರೆ ಕಳ್ಳರ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದರ ಇನ್ನೊಂದು ರೂಪ ಗುತ್ತಿಗೆಯ ಲೋಕದಲ್ಲಿದೆ. ನಮ್ಮ ಹುಡುಗರಲ್ಲಿ ಕಂಬಿ ಕಟ್ಟುವವರು, ಗಾರೆ ಹಾಕುವವರು, ವೆಲ್ಡಿಂಗ್, ಪ್ಲಂಬಿಂಗ್ ಮಾಡುವವರು ಊರೂರಿಗೆ ಇದ್ದಾರೆ. ಆದರೆ ಟೆಂಡರು ಹಾಕುವವರು ಬೆರಳೆಣಿಕೆ. ಕೆಲಸ ಬಲ್ಲವನ ಬಳಿ ಕಾಗದವಿಲ್ಲ, ಕಾಗದವಿರುವವನಿಗೆ ಕೆಲಸ ಬೇಕಿಲ್ಲ. ಹೀಗಾಗಿ ಒಬ್ಬನ ಪರವಾನಗಿ, ಇನ್ನೊಬ್ಬನ ಬೆವರು. ತೆರಿಗೆ ಪತ್ರ ಯಾರದೋ, ಗೋಡೆ ಎಬ್ಬಿಸಿದವನು ಯಾರೋ. ನಡುವೆ ಶೇಕಡಾ ಇಷ್ಟೆಂದು ಹೆಸರಿನ ಬಾಡಿಗೆ. ಟೆಂಡರಿನ ಷರತ್ತಿನಂತೆ ಹಿಂದಿನ ವರ್ಷಗಳ ವಹಿವಾಟು ತೋರಿಸಬೇಕಾದದ್ದರಿಂದ, ನಿಜವಾಗಿ ದುಡಿದವನ ದುಡಿಮೆಯೂ ಹೆಸರು ಕೊಟ್ಟವನ ಖಾತೆಗೇ ಸೇರುತ್ತದೆ. ಹತ್ತು ವರ್ಷ ಕಟ್ಟಡ ಕಟ್ಟಿದವನು ಹನ್ನೊಂದನೆಯ ವರ್ಷವೂ ಅನುಭವವಿಲ್ಲದವನಾಗಿಯೇ ಉಳಿಯುತ್ತಾನೆ. 2025ರ ಮಾರ್ಚ್‌ನಲ್ಲಿ ಕರ್ನಾಟಕದ ವಿಧಾನಮಂಡಲ ಎರಡು ಕೋಟಿ ರೂಪಾಯಿವರೆಗಿನ ಕಾಮಗಾರಿಗಳಲ್ಲಿ 2ಬಿ ವರ್ಗಕ್ಕೂ ಶೇಕಡಾ 4 ಮೀಸಲಿಡುವ ತಿದ್ದುಪಡಿಯನ್ನು ಅಂಗೀಕರಿಸಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಿದರು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಇಂಥ ಮೀಸಲು ಮೊದಲೇ ಬಂದಿತ್ತು. ಆ ತಿದ್ದುಪಡಿಯ ಸುತ್ತ ಎಷ್ಟು ಗದ್ದಲವಾಯಿತೆಂಬುದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನಮ್ಮ ಮಾತು ಇಷ್ಟೇ: ತನ್ನ ಹೆಸರಿನಲ್ಲಿ ತೆರಿಗೆ ಕಟ್ಟಿ ತನ್ನ ಹೆಸರಿನ ಕಾಗದ ಮಾಡಿಕೊಳ್ಳದವನ ಪಾಲಿಗೆ ಯಾವ ಮೀಸಲಾತಿಯೂ ಬಾಗಿಲಿನ ಹೊರಗೇ ನಿಲ್ಲುತ್ತದೆ. ಒಳಗೆ ಹೋಗುವವನು ಮತ್ತೆ ಹೆಸರು ಬಾಡಿಗೆಗೆ ಕೊಡುವವನೇ.

ಇಷ್ಟು ಹೇಳಿದ ಮೇಲೆ ಕೇಳುವವನ ಕಡೆಗೆ ತಿರುಗುವ ಹಕ್ಕು ನಮಗೆ ಬರುತ್ತದೆ.

ಕಟ್ಟಡದ ಗುತ್ತಿಗೆಯ ಮೇಲೆ ತೆರಿಗೆ ಬಂದ ದಾರಿಯೇ ಒಂದು ಕಥೆ. ಕಟ್ಟಡ ಕಟ್ಟಿಕೊಡುವುದು ಒಂದು ಅಖಂಡ ಒಪ್ಪಂದ, ಅದರಲ್ಲಿನ ಸಿಮೆಂಟು ಕಬ್ಬಿಣವನ್ನು ಮಾರಾಟವೆಂದು ಬೇರೆ ಮಾಡಿ ಮಾರಾಟ ತೆರಿಗೆ ಹಾಕಲಾಗದು ಎಂದು ಸುಪ್ರೀಂ ಕೋರ್ಟು ಗ್ಯಾನನ್ ಡಂಕರ್ಲಿ ಪ್ರಕರಣದಲ್ಲಿ 1958ರಲ್ಲಿ ಹೇಳಿತ್ತು. 1982ರ ನಲವತ್ತಾರನೆಯ ಸಂವಿಧಾನ ತಿದ್ದುಪಡಿ ಅದಕ್ಕೆ ದಾರಿ ಮಾಡಿಕೊಟ್ಟಿತು. ಮಾರಾಟ ತೆರಿಗೆ ಹೋಗಿ 2005ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ವ್ಯಾಟ್ ಬಂತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಸರಕಾರಿ ಕಾಮಗಾರಿಗಳಲ್ಲಿ ಬಹುಪಾಲಿಗೆ ಶೇಕಡಾ 12 ಇದ್ದದ್ದು 2022ರ ಜುಲೈ 18ರಿಂದ ಶೇಕಡಾ 18 ಆಯಿತು. ಹಿಂದೆ ಕಚೇರಿಗೆ ಅಲೆದು 'ತೆರಿಗೆ ಬಾಕಿ ಇಲ್ಲ' ಎಂಬ ಪತ್ರ ತರಬೇಕಿತ್ತು. ಆಗ ಆ ಪತ್ರಕ್ಕೆ ಸಹಿ ಬೀಳಲು ಮೇಜಿನ ಕೆಳಗೆ ಏನು ಬೀಳಬೇಕಿತ್ತೆಂಬುದು ಅಲೆದವರಿಗೆಲ್ಲ ಗೊತ್ತು. ಈಗ ರಿಟರ್ನು ಕಂಪ್ಯೂಟರಿನಲ್ಲೇ ಕಾಣುತ್ತದೆ. ಅಷ್ಟರಮಟ್ಟಿಗೆ ಇದು ಸುಧಾರಣೆ. ಆದರೆ ಕಂಪ್ಯೂಟರಿಗೆ ಒಂದು ಕಣ್ಣು ಮಾತ್ರ ಇದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಹತ್ತು ಲಕ್ಷದ ಕಾಮಗಾರಿ. ಅದರ ಮೇಲೆ ತೆರಿಗೆ ಒಂದು ಲಕ್ಷ ಎಂಬತ್ತು ಸಾವಿರ. ಸಿಮೆಂಟು, ಕಬ್ಬಿಣ ಕೊಂಡಾಗ ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆಯಬಹುದು. ಆದರೆ ಕೂಲಿಗೆ ಕೊಟ್ಟ ಹಣಕ್ಕೆ ಅಂಥ ಕಳೆಯುವಿಕೆ ಇಲ್ಲ. ಬಿಲ್ಲು ಕೊಟ್ಟ ಮೇಲೆ, ಹಣ ಕೈಗೆ ಬರಲಿ ಬಿಡಲಿ, ಮುಂದಿನ ತಿಂಗಳು ತೆರಿಗೆ ಕಟ್ಟಬೇಕು. ತಡವಾದರೆ ವರ್ಷಕ್ಕೆ ಶೇಕಡಾ 18 ಬಡ್ಡಿ, ಮೇಲೆ ತಡಶುಲ್ಕ. ಸತತ ಆರು ತಿಂಗಳು ರಿಟರ್ನು ಹಾಕದಿದ್ದರೆ ನೋಂದಣಿಯನ್ನೇ ರದ್ದುಮಾಡಬಹುದು. ನೋಂದಣಿ ಹೋದರೆ ಮುಂದಿನ ಟೆಂಡರು ಇಲ್ಲ. ಹಣ ಬರುವ ದಿನವಾದರೂ ಪೂರ್ತಿ ಬರುತ್ತದೆಯೇ? ಆದಾಯ ತೆರಿಗೆ ಮೂಲದಲ್ಲೇ ಕಡಿತ, 2018ರ ಅಕ್ಟೋಬರಿನಿಂದ ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಜಿ.ಎಸ್.ಟಿ.ಯ ಶೇಕಡಾ 2 ಕಡಿತ, ಕಟ್ಟಡ ಕಾರ್ಮಿಕರ ಹೆಸರಿನಲ್ಲಿ ಶೇಕಡಾ 1, ಕಲ್ಲು ಮರಳಿನ ರಾಜಧನ, ಭದ್ರತಾ ಠೇವಣಿ. ತನಗೆ ಬರಬೇಕಾದದ್ದನ್ನು ಸರಕಾರ ಕೊಡುವ ಮುನ್ನವೇ ಹಿಡಿದುಕೊಳ್ಳುತ್ತದೆ. ತಾನು ಕೊಡಬೇಕಾದದ್ದನ್ನು ಮಾತ್ರ ಅನುದಾನ ಬಂದಾಗ ಎನ್ನುತ್ತದೆ. ರಾಜ್ಯದ ಗುತ್ತಿಗೆದಾರರ ಸಂಘ ಸಾವಿರಾರು ಕೋಟಿ ರೂಪಾಯಿ ಬಾಕಿಯ ಮಾತನ್ನು ಸರಕಾರಗಳು ಬದಲಾದರೂ ಬಹಿರಂಗವಾಗಿಯೇ ಆಡುತ್ತ ಬಂದಿದೆ. 2021ರ ಜುಲೈನಲ್ಲಿ ಅದೇ ಸಂಘ ಶೇಕಡಾ 40ರ ಲಂಚದ ಆರೋಪ ಮಾಡಿ ಪ್ರಧಾನಿಗೆ ಪತ್ರ ಬರೆದದ್ದು ಎಲ್ಲರಿಗೂ ನೆನಪಿರಬೇಕು. ಆ ಪಾಲಿಗೆ ಯಾವ ರಿಟರ್ನೂ ಇಲ್ಲ, ರಸೀದಿಯೂ ಇಲ್ಲ.

ಈಗ ವಚನದ ಆ ಸೂಕ್ಷ್ಮಕ್ಕೆ ಬರೋಣ. ಕೊಡಬೇಕಾದವನೇ ಬರೆಸಬೇಕು. ಕಾಮಗಾರಿ ಮುಗಿದಾಗ ಸರಕಾರದ ಎಂಜಿನಿಯರು ಅಳತೆ ಪುಸ್ತಕದಲ್ಲಿ ಇಷ್ಟು ಗೋಡೆ, ಇಷ್ಟು ತಾರಸಿ, ಇಷ್ಟು ಹಣ ಎಂದು ಬರೆಯುತ್ತಾರೆ. ಅಂದರೆ ಕೊಡಬೇಕಾದವನು ತನ್ನ ಕೈಯಾರೆ ಒಪ್ಪಿ ಬರೆದಂತಾಯಿತು. ಆದರೆ ಅವಧಿ ಗೊತ್ತುಮಾಡಿ ಬರೆಯಿರಿ ಎಂದಿದೆಯಲ್ಲ, ಆ ತಾರೀಕು ಆ ಪುಸ್ತಕದಲ್ಲಿ ಇರುವುದಿಲ್ಲ. ಗುತ್ತಿಗೆದಾರ ಕೊಡಬೇಕಾದದ್ದಕ್ಕೆ ತಾರೀಕಿದೆ, ಬಡ್ಡಿಯಿದೆ, ಶಿಕ್ಷೆಯಿದೆ. ಸರಕಾರ ಕೊಡಬೇಕಾದದ್ದಕ್ಕೆ ಇರುವುದು ಭರವಸೆ ಮಾತ್ರ. ಕೊಡಲು ಶಕ್ತಿಯಿದ್ದೂ ಸಾಲ ತೀರಿಸದೆ ಸತಾಯಿಸುವುದು ಝುಲ್ಮ್ ಎಂಬುದು ಪ್ರವಾದಿವರ್ಯರ(ಸ) ಪ್ರಸಿದ್ಧ ಬೋಧನೆ. ಒಂದು ನಾಡಿನಲ್ಲಿ ಸರಕಾರಕ್ಕಿಂತ ಶಕ್ತಿಯುಳ್ಳ ಸಾಲಗಾರ ಯಾರಿದ್ದಾನೆ?

ಈ ಚಕ್ರ ತಿರುಗುವ ರೀತಿ ನೋಡಿ. ಸರಕಾರ ಗುತ್ತಿಗೆದಾರನಿಗೆ ಕೊಡುವುದಿಲ್ಲ. ಆದರೆ ಗುತ್ತಿಗೆದಾರ ಸರಕಾರಕ್ಕೆ ಕೊಡಲೇಬೇಕು, ಇಲ್ಲದಿದ್ದರೆ ಅವನ ಕಾಗದ ಕೊಳೆಯಾಗುತ್ತದೆ. ಆ ಹಣ ಎಲ್ಲಿಂದ ತರಬೇಕು? ಯಾರು ನೋಟೀಸು ಕೊಡಲಾರರೋ, ಯಾರು ಬಡ್ಡಿ ಹಾಕಲಾರರೋ, ಯಾರು ನೋಂದಣಿ ರದ್ದುಮಾಡಲಾರರೋ ಅವರ ಪಾಲಿನಿಂದ. ಮೇಸ್ತ್ರಿಯ ಹನ್ನೊಂದು ವಾರದ ಕೂಲಿಯಿಂದ. ಆ ಫೈಲಿನ ಬಿಳುಪು ಎಲ್ಲಿಂದ ಬಂತೆಂದು ಅಂದು ನೋಟ್‌ಬುಕ್ಕು ಓದುವಾಗ ನಮಗೆ ಅರ್ಥವಾಯಿತು. ಮರಹೂಮರು ದುಷ್ಟರಾಗಿರಲಿಲ್ಲ. ಇಬ್ಬರು ಸಾಲಗಾರರಲ್ಲಿ ಒಬ್ಬನ ಕೈಯಲ್ಲಿ ದೊಣ್ಣೆಯಿತ್ತು, ಇನ್ನೊಬ್ಬನ ಕೈಯಲ್ಲಿ ಕರಣೆ ಮಾತ್ರ ಇತ್ತು. ಅವರು ದೊಣ್ಣೆಯವನಿಗೆ ಮೊದಲು ಕೊಟ್ಟರು. ನಾವು ಅವರ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆವು? ಎದೆ ಮುಟ್ಟಿಕೊಂಡು ಹೇಳುವುದಾದರೆ, ಅದನ್ನೇ.

ಹಾಗೆಂದು ಅದನ್ನು ಸರಿ ಎನ್ನಲಾಗದು. ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಬೋಧನೆಗೆ 'ಬಿಲ್ಲು ಬಂದ ಮೇಲೆ' ಎಂಬ ವಿನಾಯಿತಿ ಇಲ್ಲ. ಕಾನೂನಿಗೂ ಇದು ಗೊತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಆ ತತ್ವ ಉಳಿದಿದೆ. ಆದರೆ ಅದನ್ನು ಕೇಳಬೇಕಾದರೆ ಮೇಸ್ತ್ರಿ ತಾನು ಅಲ್ಲಿ ದುಡಿದದ್ದನ್ನು ಸಾಬೀತುಪಡಿಸಬೇಕು. ಅವನಿಗೂ ಪುರಾವೆ ಬೇಕು! ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ವರ್ಷದಲ್ಲಿ ತೊಂಬತ್ತು ದಿನ ದುಡಿದ ದೃಢೀಕರಣ ಬೇಕು. ಹೆಸರು ಪಟ್ಟಿಯಲ್ಲಿ ಬಂದರೆ ನಾಳೆ ಹಕ್ಕು ಕೇಳುತ್ತಾನೆಂದು ಸಹಿ ಹಾಕಲು ಹಿಂಜರಿಯುವವರೇ ಹೆಚ್ಚು. ಅವನ ಹೆಸರಿನಲ್ಲಿ ಪ್ರತಿ ಬಿಲ್ಲಿನಿಂದ ಶೇಕಡಾ 1 ಕಡಿತವಾಗುತ್ತದೆ, ಅವನ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಆ ಹರಿದ ನೋಟ್‌ಬುಕ್ಕಿನಲ್ಲಿ ಇತ್ತು. ಆ ನೋಟ್‌ಬುಕ್ಕನ್ನು ಯಾವ ಇಲಾಖೆಯೂ ಕೇಳಿರಲಿಲ್ಲ.

ಇಲ್ಲಿ ನಮಗೆ ಮತ್ತೆ ಜನಾಝಾದ ನೆನಪಾಗುತ್ತದೆ. ನಾವು ರೂಢಿಯಂತೆ ಆಡುವ ಆ ಮಾತಿನ ಬೇರು ಮದೀನಾದಲ್ಲಿದೆ. ಆರಂಭದ ದಿನಗಳಲ್ಲಿ ಜನಾಝಾ ತಂದಾಗ ಪ್ರವಾದಿವರ್ಯರು(ಸ) ಇವರ ಮೇಲೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ಸಾಲವಿದ್ದು ತೀರಿಸಲು ಏನನ್ನೂ ಬಿಟ್ಟುಹೋಗಿಲ್ಲವೆಂದಾದರೆ, ನಿಮ್ಮ ಗೆಳೆಯನ ನಮಾಝನ್ನು ನೀವೇ ಮಾಡಿಕೊಳ್ಳಿ ಎಂದು ಹಿಂದೆ ಸರಿಯುತ್ತಿದ್ದರು. ಹಾಗೆ ಒಬ್ಬರ ಜನಾಝಾ ಬಂದಾಗ ಬಾಕಿ ಇದ್ದದ್ದು ಎರಡೋ ಮೂರೋ ದೀನಾರ್. ಆಗ ಅಬೂ ಕತಾದಾ(ರ) ಮುಂದೆ ಬಂದು ಆ ಸಾಲ ನನ್ನ ಮೇಲಿರಲಿ ಎಂದರು. ಆಮೇಲೆಯೇ ನಮಾಝ್ ನಡೆಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಮುಂದೆ ಅಬೂ ಕತಾದಾ ಎದುರಾದಾಗ ಆ ದೀನಾರುಗಳ ವಿಷಯ ಏನಾಯಿತು ಎಂದು ಪ್ರವಾದಿವರ್ಯರು(ಸ) ಕೇಳಿದರೆಂದೂ, ತೀರಿಸಿದೆನೆಂದು ತಿಳಿದ ಮೇಲೆಯೇ ಸತ್ತವನಿಗೆ ಈಗ ತಂಪಾಯಿತು ಎಂದರೆಂದೂ ವರದಿಯಿದೆ. ಭರವಸೆಯ ಮಾತು ಸಾಲದು, ಹಣ ತಲುಪಬೇಕು.

ಬಾಕಿ ಇಲ್ಲ ಎಂಬ ಪುರಾವೆಯನ್ನು ಇದಕ್ಕಿಂತ ಕಟ್ಟುನಿಟ್ಟಾಗಿ ಕೇಳಿದವರು ಬೇರೆ ಯಾರಿದ್ದಾರೆ? ಆದರೆ ಈ ಕಥೆಯ ಎರಡನೆಯ ಭಾಗವನ್ನು ನಾವು ಬೇಗ ಮರೆಯುತ್ತೇವೆ. ಮದೀನಾದ ಬೊಕ್ಕಸಕ್ಕೆ ಹಣ ಬರತೊಡಗಿದ ಮೇಲೆ ಪ್ರವಾದಿವರ್ಯರು(ಸ) ಘೋಷಿಸಿದರು: ಸಾಲ ಬಿಟ್ಟು ಸತ್ತವನ ಸಾಲ ತೀರಿಸುವ ಹೊಣೆ ನನ್ನದು, ಆಸ್ತಿ ಬಿಟ್ಟು ಸತ್ತರೆ ಅದು ಅವನ ವಾರಸುದಾರರದು. ಬಾಕಿಯ ಬಗ್ಗೆ ಅಷ್ಟು ಕಠಿಣವಾಗಿ ಕೇಳಿದವರೇ, ಕೈಯಲ್ಲಿ ಬೊಕ್ಕಸ ಬಂದಾಗ, ಬಾಕಿಗೆ ಜಾಮೀನಾಗಿ ನಿಂತರು. ಕೇಳುವ ಅಧಿಕಾರವೂ ಹೊರುವ ಹೊಣೆಯೂ ಒಂದೇ ಕೈಯಲ್ಲಿದ್ದವು. ನಮ್ಮ ಕಾಲದ ಸರಕಾರ ಮೊದಲನೆಯದನ್ನು ಮಾತ್ರ ಇಟ್ಟುಕೊಂಡು ಎರಡನೆಯದನ್ನು ಕೆಳಗಿನವರ ಹೆಗಲಿಗೆ ದಾಟಿಸಿದೆ ಎಂಬುದೇ ನಮ್ಮ ತಕರಾರು.

ನಾವು ಅರ್ಥಶಾಸ್ತ್ರಜ್ಞರಲ್ಲ, ಕಥೆ ಬರೆಯುವವರು. ಆದರೂ ನಮ್ಮೂರ ಕಿರಾಣಿ ಅಂಗಡಿಯವನಿಗೆ ತಿಳಿದಿರುವ ಒಂದು ನ್ಯಾಯ ಹೇಳಬಹುದು. ಅಂಗಡಿಗೆ ಹಾಲು ಹಾಕುವವನು ಅಲ್ಲೇ ಅಕ್ಕಿ ಕೊಂಡರೆ, ತಿಂಗಳ ಕೊನೆಗೆ ಹಾಲಿನ ಬಾಬ್ತು ಅಕ್ಕಿಯ ಬಾಬ್ತು ಕಳೆದು ಉಳಿದದ್ದನ್ನು ಮಾತ್ರ ಕೈ ಬದಲಾಯಿಸುತ್ತಾರೆ. ಸರಕಾರವೇ ಕೊಡಬೇಕಾದ ಹಣವಿದ್ದಾಗ, ಆ ಬಿಲ್ಲಿನ ಮೇಲಿನ ತೆರಿಗೆಯನ್ನು ಆ ಹಣ ಕೊಡುವ ದಿನವೇ ಹಿಡಿದುಕೊಳ್ಳಲಿ; ಅದಕ್ಕೂ ಮುನ್ನ ಕೇಳಿ ಬಾಕಿದಾರನೆಂದು ಹಣೆಪಟ್ಟಿ ಹಚ್ಚದಿರಲಿ. ಗುತ್ತಿಗೆದಾರ ತೆರಿಗೆಯ ಪುರಾವೆ ತರುವಂತೆ, ಕಾಮಗಾರಿ ಕರೆಯುವ ಇಲಾಖೆಯೂ ಹಿಂದಿನ ಕಾಮಗಾರಿಗಳ ಹಣವನ್ನು ಎಂದು ಪಾವತಿಸಿದೆ ಎಂಬ ಪಟ್ಟಿಯನ್ನು ಟೆಂಡರಿನ ಜೊತೆಯಲ್ಲೇ ಹಾಕಲಿ. ಕೊನೆಯ ಬಿಲ್ಲಿನ ಜೊತೆ ತೆರಿಗೆಯ ರಸೀದಿಯಷ್ಟೇ ಕಡ್ಡಾಯವಾಗಿ ಕೂಲಿಯವರ ಹೆಸರು, ಮೊತ್ತ, ಅವರ ಒಪ್ಪಿಗೆ ಇರಲಿ. ಹೀಗೆ ಮೂರು ಕಡೆಯ ಲೆಕ್ಕ ಒಂದೇ ಹಾಳೆಯಲ್ಲಿ ಬಂದರೆ ಮಾತ್ರ ಅದನ್ನು 'ಬಾಕಿ ಇಲ್ಲ' ಎಂದು ಕರೆಯಲು ಅರ್ಹತೆ ಬರುತ್ತದೆ.

ಸರಕಾರ ಇದನ್ನು ಮಾಡುವವರೆಗೆ ನಾವು ಕಾಯಬೇಕೇ? ಬೇಕಿಲ್ಲ. ನಮ್ಮ ಮಸೀದಿಗಳಲ್ಲಿ ಝಕಾತಿನ ಲೆಕ್ಕ ಕಲಿಸುವಂತೆ ಕೂಲಿಯ ಲೆಕ್ಕವನ್ನೂ ತೆರಿಗೆಯ ಲೆಕ್ಕವನ್ನೂ ಮಾತಾಡಬಹುದು. ಹಜ್ಜಿಗೆ ಹೋಗುವವರು ಹೊರಡುವ ಮುನ್ನ ಬಂಧುಗಳ ಬಳಿ ಹೋಗಿ ಮಾಫ್ ಕೇಳುತ್ತಾರೆ, ಒಳ್ಳೆಯದು. ಆ ದಾರಿಯಲ್ಲೇ ಮೇಸ್ತ್ರಿಯ ಮನೆಯೂ ಇರುತ್ತದೆ.

ಉರ್ದುವಿನಲ್ಲಿ ಲೆಕ್ಕ ಪೂರ್ತಿ ಚುಕ್ತಾ ಆದರೆ ಬೇಬಾಕ್ ಆಯಿತು ಎನ್ನುತ್ತಾರೆ. ನಮ್ಮ ಕನ್ನಡದ ಬಾಕಿಯೂ ಆ ಮನೆಯ ಮಾತೇ. ಅಂಜದೆ ಮಾತಾಡುವವನನ್ನೂ ಉರ್ದು ಬೇಬಾಕ್ ಎಂದೇ ಕರೆಯುತ್ತದೆ. ಬರೆಯುವಾಗ ಎರಡಕ್ಕೂ ಕೊನೆಯ ಅಕ್ಷರ ಬೇರೆ, ಮೂಲವೂ ಬೇರೆ. ನಮ್ಮ ಕಡೆಯ ಉಚ್ಚಾರದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಶಾಲೆಯಲ್ಲಿ ಇದನ್ನು ತಪ್ಪಾಗಿ ಬರೆದು ಉಸ್ತಾದರಿಂದ ಏಟು ತಿಂದಿದ್ದೇವೆ. ಈಗ ಅನಿಸುತ್ತದೆ, ಬಾಯಿಗೆ ಅವು ಒಂದೇ ಆಗಿರುವುದರಲ್ಲೂ ಒಂದು ಸತ್ಯವಿದೆ. ಯಾರಿಗೂ ಬಾಕಿಯಿಲ್ಲದವನು ಯಾರಿಗೂ ಅಂಜಬೇಕಿಲ್ಲ. ಫೈಲು ಸರಿಯಿದ್ದ ನಮ್ಮ ಗುತ್ತಿಗೆದಾರರು ಇಲಾಖೆಯ ಬಾಗಿಲಲ್ಲಿ ಅಂಜದೆ ನಿಲ್ಲುತ್ತಿದ್ದರು. ಮೇಸ್ತ್ರಿಯನ್ನು ಕಂಡರೆ ರಸ್ತೆ ದಾಟುತ್ತಿದ್ದರೆಂದು ಮಗ ಹೇಳಿದ.

ನೋಟ್‌ಬುಕ್ಕಿನ ಹೆಸರುಗಳನ್ನು ನಾವು ಓದುತ್ತ ಹೋದೆವು, ಮಗ ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದ. ಮೂವತ್ತೊಂದು ಹೆಸರು. ಮೋಟಾರ್ ಸೈಕಲ್ಲನ್ನೂ ಕಾಂಕ್ರೀಟ್ ಮಿಕ್ಸರನ್ನೂ ಮಾರಿ ಅವನು ಅರ್ಧದಷ್ಟು ಜನರಿಗೆ ಕೊಟ್ಟ. ಮೇಸ್ತ್ರಿಯ ಹನ್ನೊಂದು ವಾರಗಳಲ್ಲಿ ಆರು ವಾರದ್ದು ಮುಟ್ಟಿತು. ಶಾಲಾ ಕೊಠಡಿಯ ಬಿಲ್ಲಿಗಾಗಿ ಅವನು ಕಚೇರಿಗೆ ಹೋದಾಗ, ತಂದೆಯ ಹೆಸರಿನಲ್ಲಿ ಅವರು ತೀರಿಕೊಂಡ ತಿಂಗಳವರೆಗೆ ತೆರಿಗೆ ಬಾಕಿ ಇಲ್ಲವೆಂಬುದಕ್ಕೆ ದಾಖಲೆ ತರಲು ಹೇಳಿದರಂತೆ. ಅದು ಅವನ ಬಳಿ ಇತ್ತು. ಪ್ಲಾಸ್ಟಿಕ್ ಹಾಳೆಯಿಂದ ತೆಗೆದು ಕೊಟ್ಟು ಬಂದ.